ಅಪ್ಪನಿಗೊಂದು ಕಾರ್ಡು: ಚೂರು ಕಾಗದ, ರಬ್ಬರ್ ಮುದ್ರೆ ಮತ್ತು ಕನ್ನಡದ ಅಕ್ಷರ

ಶುಭಾಶಯದ ಕಾರ್ಡು ಅಚ್ಚಿನ ಯುಗದ ಕೂಸು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಚಿತ್ರಕಾರ ಜಾನ್ ಕ್ಯಾಲ್ಕಟ್ ಹಾರ್ಸ್ಲಿ ಅವರಿಂದ ಚಿತ್ರ ಬರೆಯಿಸಿ, ಕ್ರಿಸ್‌ಮಸ್ ಹಬ್ಬಕ್ಕೆಂದು ಸುಮಾರು ಸಾವಿರ ಕಾರ್ಡುಗಳನ್ನು ಕಲ್ಲಚ್ಚಿನಲ್ಲಿ ತೆಗೆಸಿದರು. ಅದೇ ವರ್ಷ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಂದಿತು, ಅದೂ ಕಲ್ಲಚ್ಚಿನದೇ. ಕನ್ನಡದ ಪತ್ರಿಕೆಯೂ ಅಂಗಡಿಯ ಶುಭಾಶಯದ ಕಾರ್ಡೂ ಹೀಗೆ ಒಂದೇ ವಯಸ್ಸಿನವು. ಆದರೂ ಗಡಿನಾಡಿನ ಪೇಟೆಗಳಲ್ಲಿ ಇಂದು ಕನ್ನಡ ಅಕ್ಷರವುಳ್ಳ ಹುಟ್ಟುಹಬ್ಬದ ಕಾರ್ಡು ಅಪರೂಪದ ವಸ್ತು. ಅಂಗಡಿಯ ಕಾರ್ಡು ಇಂಗ್ಲಿಷಿನಲ್ಲಿ ಮಾತನಾಡುತ್ತದೆ; ಇಲ್ಲವಾದರೆ ಆಯಾ ರಾಜ್ಯದ ಭಾಷೆಯಲ್ಲಿ. ಕನ್ನಡವನ್ನಷ್ಟೇ ಓದಬಲ್ಲ ತಂದೆಗೋ ತಾತನಿಗೋ ಅವರ ಅಕ್ಷರದಲ್ಲಿಯೇ ಹಾರೈಕೆ ಸಲ್ಲಬೇಕಾದರೆ ಅದನ್ನು ಕೈಯಿಂದ ಮಾಡುವುದೇ ಉಳಿದ ದಾರಿ. ಚೂರು ಕಾಗದ ಮತ್ತು ರಬ್ಬರ್ ಮುದ್ರೆಗಳಿಂದ ಅಂತಹ ಕಾರ್ಡನ್ನು ರಚಿಸುವ ಕ್ರಮವನ್ನೂ, ಅದರಲ್ಲಿ ಕನ್ನಡ ಲಿಪಿ ಒಡ್ಡುವ ತೊಡಕನ್ನೂ ಈ ಲೇಖನ ವಿವರಿಸುತ್ತದೆ.

ಗಂಡಸರ ಕಾರ್ಡು

ಗಂಡಸರಿಗೆಂದು ಮಾಡುವ ಕಾರ್ಡಿನಲ್ಲಿ ಹೂವು, ರಿಬ್ಬನ್ನು, ಮಿನುಗುಪುಡಿ ಕಡಿಮೆ; ನೇರ ಗೆರೆ, ಮಣ್ಣುಬಣ್ಣ, ದಪ್ಪ ಅಕ್ಷರ ಹೆಚ್ಚು. ಇದು ಮಾರುಕಟ್ಟೆ ರೂಢಿಸಿದ ಅಭ್ಯಾಸವೇ ಹೊರತು ಕಲೆಯ ನಿಯಮವಲ್ಲ. ಹೂವನ್ನು ಮೆಚ್ಚುವ ಗಂಡಸರೂ ಇದ್ದಾರೆ. ಆದರೆ ಈ ರೂಢಿಯೊಳಗೆ ಒಂದು ಉಪಯುಕ್ತ ತತ್ತ್ವವಿದೆ. ಅಲಂಕಾರವನ್ನು ಕಡಿಮೆ ಮಾಡಿದಾಗ ವಸ್ತುವಿನ ಮೈವಳಿಕೆ ಎದ್ದು ಕಾಣುತ್ತದೆ. ತರಿತರಿಯಾದ ಗೋಣಿ, ಏಣುಗಳುಳ್ಳ ರಟ್ಟು, ಸುಕ್ಕುಗಟ್ಟಿದ ಕಂದು ಕಾಗದ ಇವೇ ಚಿತ್ರದ ಕೆಲಸವನ್ನು ಮಾಡುತ್ತವೆ.

ಚೂರುಗಳನ್ನು ಕಾರ್ಡು ಪಡೆಯುವವರ ಬದುಕಿನಿಂದಲೇ ಆರಿಸುವುದು ಒಳ್ಳೆಯದು. ಕಾಸರಗೋಡಿನ ಕೃಷಿಕನಿಗೆ ಅಡಿಕೆ ಹಾಳೆಯ ತುಂಡು, ಸೊಲ್ಲಾಪುರದ ನೇಕಾರನಿಗೆ ಚಾದರದ ನೂಲು, ಬಸ್ಸಿನ ನಿರ್ವಾಹಕನಿಗೆ ಹಳೆಯ ಟಿಕೆಟು, ಅಂಗಡಿಯವನಿಗೆ ಲೆಕ್ಕದ ಪುಸ್ತಕದ ಕೆಂಪು ಗೆರೆಯ ಹಾಳೆ. ಕಾಗದದ ಚೂರು ಆಗ ತಾನೇ ಹಾರೈಕೆಯ ಒಂದು ಮಾತಾಗುತ್ತದೆ.

ತಳಹಾಳೆ ಮತ್ತು ಪದರಗಳು

ತಳಕ್ಕೆ ಚದರ ಮೀಟರಿಗೆ 200ರಿಂದ 300 ಗ್ರಾಂ ತೂಗುವ ದಪ್ಪ ಹಾಳೆ ಬೇಕು. ಎ4 ಅಳತೆಯ ಹಾಳೆಯನ್ನು ಎರಡಾಗಿ ಕತ್ತರಿಸಿ, ಒಂದು ಅರ್ಧವನ್ನು ನಡುವೆ ಮಡಚಿದರೆ ಸುಮಾರು 10.5 ಸೆಂ.ಮೀ. ಅಗಲ, 14.8 ಸೆಂ.ಮೀ. ಎತ್ತರದ ಕಾರ್ಡು ದೊರೆಯುತ್ತದೆ. ಯಂತ್ರದಲ್ಲಿ ತಯಾರಾದ ಕಾಗದಕ್ಕೆ ಎಳೆಯ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ, ಸುಲಭವಾಗಿ ಬಾಗುವ ದಿಕ್ಕಿನಲ್ಲಿ ಮಡಿಕೆ ಬರುವಂತೆ ಕತ್ತರಿಸಬೇಕು. ಎಳೆಗೆ ಅಡ್ಡವಾಗಿ ಮಡಚಿದರೆ ಅಂಚು ಸಿಡಿಯುತ್ತದೆ. ಮಡಚುವ ಮೊದಲು ಮಸಿ ಮುಗಿದ ಬಾಲ್‌ಪೆನ್ನಿನಿಂದ ಅಳತೆಪಟ್ಟಿಯ ಗುಂಟ ಒಂದು ಗೆರೆ ಒತ್ತಿಕೊಂಡರೆ ಮಡಿಕೆ ನೇರವಾಗುತ್ತದೆ.

ಮೈವಳಿಕೆಯ ಪದರಕ್ಕೆ ಸಾಮಾನು ತುಂಬಿ ಬಂದ ರಟ್ಟಿನ ಪೆಟ್ಟಿಗೆ ಸಾಕು. ರಟ್ಟಿನ ಒಂದು ಮಗ್ಗುಲನ್ನು ಸ್ವಲ್ಪ ತೇವ ಮಾಡಿ ಮೇಲಿನ ಕಾಗದವನ್ನು ಸುಲಿದರೆ ಒಳಗಿನ ಏಣುಗಳು ಹೊರಬೀಳುತ್ತವೆ. ಕಂದು ಕಾಗದವನ್ನು ಚೆನ್ನಾಗಿ ಮುದುಡಿ, ಬಿಡಿಸಿ, ಅದರ ಮೇಲೆ ಮುದ್ರೆಯ ಪ್ಯಾಡನ್ನು ಹಗುರವಾಗಿ ಉಜ್ಜಿದರೆ ಸುಕ್ಕಿನ ಏರುಗಳಷ್ಟೇ ಬಣ್ಣ ಹಿಡಿದು, ಕಾಗದ ಹಳೆಯ ಚರ್ಮದಂತೆ ತೋರುತ್ತದೆ. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಭಾರದ ಅಡಿ ಒಣಗಿಸಿದ ಮೇಲೆಯೇ ಬಳಸಬೇಕು. ಇಲ್ಲವಾದರೆ ಅದು ಸುರುಳಿಗೊಂಡು ಅಂಟನ್ನು ಬಿಡಿಸಿಕೊಳ್ಳುತ್ತದೆ.

ಪದರಗಳನ್ನು ಅಂಟಿಸುವಾಗ ಪ್ರತಿಯೊಂದರ ಸುತ್ತ 3ರಿಂದ 5 ಮಿ.ಮೀ. ಅಂಚು ಉಳಿಸಿದರೆ ತಾನಾಗಿ ಚೌಕಟ್ಟು ಮೂಡುತ್ತದೆ. ಅಂಟು ತೆಳುವಾಗಿರಲಿ. ಮೈದಾ ಅಂಟಿನಲ್ಲಿ ನೀರಿನಂಶ ಹೆಚ್ಚು; ಕಾಗದ ಅದನ್ನು ಕುಡಿದು ಡೊಂಕಾಗುತ್ತದೆ. ಯಾವ ಅಂಟಾದರೂ ಒಂದು ರಾತ್ರಿ ದಪ್ಪ ಪುಸ್ತಕಗಳ ಅಡಿ ಇಡುವುದು ಕ್ಷೇಮ.

ಅಕ್ಷರದ ಮುದ್ರೆ

ಪೇಟೆಯಲ್ಲಿ ಸಿಗುವ ಮುದ್ರೆಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಿರುತ್ತವೆ. ಆ ಲಿಪಿಗೆ ಬಿಡಿ ಬಿಡಿ ಅಕ್ಷರಗಳನ್ನು ಸಾಲಾಗಿ ಒತ್ತಿದರೆ ಪದವಾಗುತ್ತದೆ. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳು ಒಂದರ ಮೈಯಲ್ಲಿ ಒಂದು ಸೇರಿಕೊಳ್ಳುವುದರಿಂದ ಇಡೀ ಪದವನ್ನು ಒಂದೇ ಮುದ್ರೆಯಾಗಿ ಕೊರೆಯುವುದೇ ಸುಲಭ. ಶಾಲೆಯ ಮಕ್ಕಳು ಅಳಿಸಲು ಬಳಸುವ ದೊಡ್ಡ ರಬ್ಬರು ಇದಕ್ಕೆ ಒದಗುತ್ತದೆ.

ಮುದ್ರೆಯ ಮೇಲೆ ಅಕ್ಷರ ಕನ್ನಡಿಯ ಬಿಂಬದಂತೆ ತಿರುಗಿರಬೇಕು. ತಲಕಟ್ಟಿನ ಬಾಲ ಎಡಕ್ಕೆ ಏರಬೇಕು. ಬಲಬದಿಯ ಕೊಂಬು ಎಡಬದಿಗೆ ಬರಬೇಕು. ಪದವೇ ಬಲದಿಂದ ಎಡಕ್ಕೆ ಸಾಗಬೇಕು. ಇದನ್ನು ನೇರವಾಗಿ ಬರೆಯಹೋದರೆ ಕೈ ತಪ್ಪುತ್ತದೆ. ಅದಕ್ಕೊಂದು ಉಪಾಯವಿದೆ: ತೆಳು ಕಾಗದದ ಮೇಲೆ ಮೆದು ಪೆನ್ಸಿಲಿನಿಂದ ಪದವನ್ನು ಎಂದಿನಂತೆ ಬರೆದು, ಕಾಗದವನ್ನು ರಬ್ಬರಿನ ಮೇಲೆ ಬೋರಲಾಗಿಸಿ ಉಗುರಿನಿಂದ ತಿಕ್ಕಬೇಕು. ಅಕ್ಷರ ತಾನಾಗಿ ತಿರುಗಿ ರಬ್ಬರಿಗೆ ಇಳಿಯುತ್ತದೆ. ಕಲ್ಲಚ್ಚಿನಲ್ಲಿಯೂ ಇದೇ ಯುಕ್ತಿಯಿತ್ತು: ಜಿಡ್ಡಿನ ಮಸಿಯಿಂದ ವಿಶೇಷ ಕಾಗದದ ಮೇಲೆ ನೇರವಾಗಿ ಬರೆದುದನ್ನು ಕಲ್ಲಿಗೆ ಒತ್ತಿ ವರ್ಗಾಯಿಸುತ್ತಿದ್ದರು.

ಕೊರೆಯುವುದರಲ್ಲಿ ಎರಡು ಬಗೆ. ಅಕ್ಷರವನ್ನು ಉಳಿಸಿ ಸುತ್ತಲಿನ ರಬ್ಬರನ್ನು ತೆಗೆದರೆ ಬಣ್ಣದ ಅಕ್ಷರ ಮೂಡುತ್ತದೆ. ಅಕ್ಷರದ ಗೆರೆಯನ್ನೇ ತೋಡಿದರೆ ಬಣ್ಣದ ನೆಲದಲ್ಲಿ ಕಾಗದದ ಬಣ್ಣದ ಅಕ್ಷರ. ಕನ್ನಡದ ದುಂಡು ತಿರುವುಗಳಿಗೆ, ಅದರಲ್ಲೂ ಹೊಸಬರಿಗೆ, ಎರಡನೆಯದೇ ಅನುಕೂಲ. ತಿರುವು ಬಂದಾಗ ಅಲಗನ್ನು ತಿರುಗಿಸದೆ ರಬ್ಬರನ್ನೇ ತಿರುಗಿಸಿದರೆ ಗೆರೆ ಒಡೆಯುವುದಿಲ್ಲ. ಮಹಾಪ್ರಾಣದ ಹೊಟ್ಟೆ ಸೀಳನ್ನು ಆಳವಾಗಿ ತೋಡಬೇಕು. ಇಲ್ಲವಾದರೆ ಮಸಿ ತುಂಬಿ ‘ಧ’ಕಾರ ‘ದ’ಕಾರವಾದೀತು.

ಇನ್ನೊಂದು ಎಚ್ಚರಿಕೆ: ಏಣುಗಳಿರುವ ರಟ್ಟಿನ ಮೇಲೆ ಮುದ್ರೆ ಸರಿಯಾಗಿ ಕೂರದು. ನುಣುಪಾದ ಚೀಟಿಯ ಮೇಲೆ ಒತ್ತಿ, ಮಸಿ ಒಣಗಿದ ಅನಂತರ ಆ ಚೀಟಿಯನ್ನು ಒರಟು ಪದರದ ಮೇಲೆ ಅಂಟಿಸಬೇಕು. ಒರಟಿನ ನಡುವಿನ ನುಣುಪಿನಲ್ಲಿ ಕಣ್ಣು ಮೊದಲು ಅಕ್ಷರವನ್ನೇ ಕಾಣುತ್ತದೆ.

ಏನನ್ನು ಬರೆಯಬೇಕು

‘ಹುಟ್ಟುಹಬ್ಬದ ಶುಭಾಶಯಗಳು’ ಎಂಬಲ್ಲಿ ಹನ್ನೊಂದು ಅಕ್ಷರಗಳು, ಎರಡು ಒತ್ತುಗಳು, ನಾಲ್ಕು ಕೊಂಬುಗಳಿವೆ. ಸಣ್ಣ ರಬ್ಬರಿಗೆ ಅದು ಹೊರೆ. ತಮ್ಮನಿಗಾದರೆ ‘ನೂರ್ಕಾಲ ಬಾಳು’ ಎನ್ನಬಹುದು. ಆದರೆ ಅದು ಹಿರಿಯರು ಕಿರಿಯರಿಗೆ ನೀಡುವ ಹರಕೆ. ಮಗನೋ ಮಗಳೋ ತಂದೆಗೆ ಹಾಗೆ ಹೇಳುವುದು ರೂಢಿಯಲ್ಲ. ಹಿರಿಯರಿಗೆ ನಮಸ್ಕಾರ ಸಲ್ಲುತ್ತದೆ. ಅದನ್ನು ಒಳಪುಟದಲ್ಲಿ ಕೈಬರಹದಿಂದ ಬರೆಯಬಹುದು. ಮೇಲುಪುಟಕ್ಕೆ ‘ಅಪ್ಪನಿಗೆ’ ಎಂಬ ಒಂದೇ ಪದ ಸಾಕು. ನಾಲ್ಕೇ ಅಕ್ಷರ, ಒಂದೇ ಒತ್ತು. ಕೊನೆಯ ‘ಗೆ’ ಚತುರ್ಥಿಯ ಪ್ರತ್ಯಯ. ಕೊಡುಗೆಯನ್ನು ಪಡೆಯುವವರನ್ನು ಸೂಚಿಸುವ ಸಂಪ್ರದಾನ ಕಾರಕ. ವ್ಯಾಕರಣದ ತರಗತಿಯಲ್ಲಿ ಬಾಯಿಪಾಠವಾಗಿದ್ದ ಆ ಪ್ರತ್ಯಯಕ್ಕೆ ಇಲ್ಲಿ ನಿಜವಾಗಿ ಪಡೆಯುವ ಒಬ್ಬರಿದ್ದಾರೆ, ಕೊಡುವ ವಸ್ತುವೊಂದಿದೆ. ಮನೆಯ ಮಕ್ಕಳ ಕಲಿಕೆ ಬೇರೆ ಮಾಧ್ಯಮಕ್ಕೆ ಸರಿದಿರುವ ಊರುಗಳಲ್ಲಿ, ಮಗುವಿನ ಕೈ ತಿರುಗಿಸಿ ಕೊರೆದ ಆ ನಾಲ್ಕು ಅಕ್ಷರಗಳನ್ನು ತಂದೆ ನೇರವಾಗಿ ಓದಬಲ್ಲರು.