ಕ್ಯಾಡ್ ನಕ್ಷೆಗಳಲ್ಲಿ ಕೋಷ್ಟಕ ಮತ್ತು ರೇಖೆಗಳ ಸ್ಥಳಾಂತರ: ಉದ್ದಿಮೆದಾರರು ಗಮನಿಸಬೇಕಾದ ಸಂಗತಿಗಳು

ಲೆಕ್ಕಪರಿಶೋಧಕನಿಗೆ ಯಂತ್ರಭಾಗಗಳ ನಕ್ಷೆಯಲ್ಲಿ ಏನು ಕೆಲಸವೆಂದು ಸದಸ್ಯ ಬಾಂಧವರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಕೆಲವು ವರ್ಷಗಳ ಹಿಂದೆ ಮಾರ್ಚ್ ಅಂತ್ಯದಲ್ಲಿ ಸಣ್ಣ ಘಟಕವೊಂದರ ದಾಸ್ತಾನು ಪರಿಶೀಲನೆಗೆ ಹೋದಾಗ, ಶೆಡ್ಡಿನ ಮೂಲೆಯಲ್ಲಿ ಲೇತ್ ಕೆಲಸ ಮುಗಿದ ಶಾಫ್ಟ್‌ಗಳ ರಾಶಿ ಕಂಡಿತು. ಪುಸ್ತಕದಲ್ಲಿ ಅವು ಪೂರ್ಣ ಖರೀದಿ ಬೆಲೆಗೆ ನಮೂದಾಗಿದ್ದವು. ವಿಚಾರಿಸಲಾಗಿ ಮಾಲೀಕರು, "ಅವು ಉಪಯೋಗಕ್ಕೆ ಬಾರದ ಮಾಲು, ಆಡಿಟರ್ ಸಾಹೇಬರೇ. ಇ.ಎನ್. 8 ಉಕ್ಕಿನಲ್ಲಿ ಆಗಬೇಕಿತ್ತು, ಎಂ.ಎಸ್.ನಲ್ಲಿ ಮಾಡಿ ಕೊಟ್ಟಿದ್ದಾರೆ. ಪೂರೈಕೆದಾರರ ಹೆಸರಿಗೆ ಡೆಬಿಟ್ ನೋಟ್ ಬರೆಯುವುದಷ್ಟೇ ಬಾಕಿ" ಎಂದರು.

ಪೂರೈಕೆದಾರರು ಡೆಬಿಟ್ ನೋಟ್ ಒಪ್ಪಲಿಲ್ಲ. ಖರೀದಿ ಆದೇಶದೊಂದಿಗೆ ತಮಗೆ ಬಂದಿದ್ದ ನಕ್ಷೆಯ ಪ್ರತಿಯನ್ನೇ ತಂದು ಮೇಜಿನ ಮೇಲೆ ಹರಡಿದರು. ಅದರ ಬಿಡಿಭಾಗಗಳ ಪಟ್ಟಿಯಲ್ಲಿ, ಶಾಫ್ಟಿನ ಎದುರಿಗೆ ಸ್ಪಷ್ಟವಾಗಿ ಎಂ.ಎಸ್. ಎಂದೇ ಮುದ್ರಿತವಾಗಿತ್ತು.

ಆದದ್ದಿಷ್ಟು. ಪಟ್ಟಿಯ ಮೂರನೆಯ ಸಾಲಿನಲ್ಲಿ ಹೊಸ ವಾಷರೊಂದನ್ನು ಸೇರಿಸಬೇಕಾಗಿತ್ತು. ನಕ್ಷೆಕಾರ ಯುವಕನು ಮೂರನೆಯ ಸಾಲಿನಿಂದ ಕೆಳಗಿನ ರೇಖೆಗಳನ್ನೂ ಬರಹಗಳನ್ನೂ ಒಟ್ಟಾಗಿ ಆಯ್ದುಕೊಂಡು, ಒಂದು ಸಾಲಿನಷ್ಟು ಕೆಳಕ್ಕೆ ಸರಿಸಿದನು. ಆದರೆ ಲೋಹದ ಹೆಸರುಗಳನ್ನು ಯಾರೂ ಕೈತಪ್ಪಿ ತಿದ್ದಬಾರದೆಂದು ಮೊದಲೇ ಬೇರೊಂದು ಲೇಯರ್‌ನಲ್ಲಿಟ್ಟು ಲಾಕ್ ಮಾಡಲಾಗಿತ್ತು. ರೇಖೆಗಳು ಸರಿದವು, ಭಾಗಗಳ ಹೆಸರುಗಳು ಸರಿದವು, ಲೋಹದ ಹೆಸರುಗಳು ಇದ್ದಲ್ಲೇ ಉಳಿದವು. ಗನ್‌ಮೆಟಲ್ ಬುಷ್ ಇ.ಎನ್. 8ರ ಎದುರಿಗೆ ಬಂತು, ಇ.ಎನ್. 8 ಶಾಫ್ಟು ಎಂ.ಎಸ್.ನ ಎದುರಿಗೆ ಬಂತು. ಹೊಸ ವಾಷರಿಗೆ ಗನ್‌ಮೆಟಲ್ ಒದಗಿತು; ಅದು ಅಸಂಭವವೂ ಅಲ್ಲವಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಕೊನೆಯ ಸಾಲಿನಲ್ಲಿ ಖಾಲಿ ಉಳಿದ ಮನೆಯನ್ನು ಯುವಕನು ತಾನೇ ತುಂಬಿದನು. ಇಂತಹ ಸಂದರ್ಭದಲ್ಲಿ, ಇಷ್ಟು ವಸ್ತುಗಳು ಲಾಕ್ ಆದ ಲೇಯರ್‌ನಲ್ಲಿವೆ ಎಂದು ಆಟೋಕ್ಯಾಡ್ ತನ್ನ ಕಮಾಂಡ್ ಸಾಲಿನಲ್ಲಿ ತಿಳಿಸುತ್ತದೆ. ಅದನ್ನು ಓದುವವರು ವಿರಳ. ಬ್ಯಾಂಕಿನ ಷರತ್ತುಗಳನ್ನು ನಾವೆಷ್ಟು ಮಂದಿ ಓದುತ್ತೇವೆ?

ಮೂಲ ಕಾರಣವಿಷ್ಟೇ: ನಮ್ಮ ಕಣ್ಣಿಗೆ ಕೋಷ್ಟಕವಾಗಿ ಕಾಣುವುದು ಗಣಕಯಂತ್ರಕ್ಕೆ ಕೋಷ್ಟಕವಾಗಿರಬೇಕೆಂದಿಲ್ಲ. ಆಟೋಕ್ಯಾಡ್‌ನಲ್ಲಿ ಟೇಬಲ್ ಎಂಬ ಪ್ರತ್ಯೇಕ ವಸ್ತು ಬಂದದ್ದು ಅದರ 2005ರ ಆವೃತ್ತಿಯಲ್ಲಿ. ಅದಕ್ಕೆ ಮುಂಚಿನ ಪಟ್ಟಿಗಳೆಲ್ಲ ಬಿಡಿ ರೇಖೆಗಳು ಮತ್ತು ಬಿಡಿ ಬರಹಗಳೇ. ಅನೇಕ ಘಟಕಗಳಲ್ಲಿ ಹಳೆಯ ನಕ್ಷೆಗಳನ್ನೇ ತಿದ್ದಿ ತಿದ್ದಿ ಬಳಸುವುದರಿಂದ ಆ ಪದ್ಧತಿ ಇಂದಿಗೂ ಉಳಿದಿದೆ. ನಿಜವಾದ ಟೇಬಲ್ ಆಗಿದ್ದರೆ ಸಾಲು ಸೇರಿಸಿದಾಗ ಕೆಳಗಿನ ಸಾಲುಗಳು ಎಲ್ಲ ಮನೆಗಳೊಂದಿಗೆ ತಾವೇ ಸರಿಯುತ್ತವೆ. ಅಂತಹ ಟೇಬಲ್‌ಗೆ ಎಕ್ಸ್‌ಪ್ಲೋಡ್ ಆದೇಶ ಕೊಟ್ಟರೆ ಅದು ಪುನಃ ಬಿಡಿ ರೇಖೆ, ಬಿಡಿ ಬರಹಗಳಾಗಿ ಒಡೆಯುತ್ತದೆಂಬುದನ್ನೂ ನೆನಪಿಡಬೇಕು.

ಕೋಷ್ಟಕದ ಜೊತೆ ರೇಖೆಗಳನ್ನು ಸರಿಸುವಾಗ ಎರಡು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು, ರೇಖೆಗಳು ಸಂಪೂರ್ಣವಾಗಿ ಕೋಷ್ಟಕಕ್ಕೇ ಸೇರಿದವು. ಇಲ್ಲಿ ಎಲ್ಲವನ್ನೂ ಗ್ರೂಪ್ ಮಾಡಿದರೆ ಒಂದನ್ನು ಮುಟ್ಟಿದಾಗ ಎಲ್ಲವೂ ಆಯ್ಕೆಯಾಗುತ್ತವೆ. ಆದರೆ ಪಿಕ್‌ಸ್ಟೈಲ್ ಎಂಬ ವ್ಯವಸ್ಥೆಯ ಬೆಲೆ 0 ಆಗಿದ್ದರೆ ಗ್ರೂಪ್ ಇದ್ದೂ ಇಲ್ಲದಂತೆ; ಅದು 1 ಇರಬೇಕು. ಬ್ಲಾಕ್ ಮಾಡುವುದು ಇನ್ನೂ ಭದ್ರ. ಆಯ್ಕೆಯ ಚೌಕವನ್ನು ಎಡದಿಂದ ಬಲಕ್ಕೆ ಎಳೆದರೆ ಪೂರ್ತಿ ಒಳಗಿರುವ ವಸ್ತುಗಳು ಮಾತ್ರ ಸಿಗುತ್ತವೆ. ಬಲದಿಂದ ಎಡಕ್ಕೆ ಎಳೆದರೆ ಚೌಕ ತಾಗಿದ ವಸ್ತುಗಳೂ ಸಿಗುತ್ತವೆ. ಈ ಒಂದು ಭೇದ ತಿಳಿಯದೆ ಆಗುವ ತಪ್ಪುಗಳೇ ಹೆಚ್ಚು.

ಎರಡನೆಯದು, ರೇಖೆಯ ಒಂದು ತುದಿ ಕೋಷ್ಟಕದಲ್ಲಿದ್ದು ಇನ್ನೊಂದು ತುದಿ ಯಂತ್ರಭಾಗದ ಚಿತ್ರವನ್ನು ತೋರಿಸುತ್ತಿರುವುದು. ಇದನ್ನು ಮೂವ್ ಆದೇಶದಿಂದ ಸರಿಸಿದರೆ ಎರಡೂ ತುದಿಗಳು ಸರಿದು, ಬೇರೆ ಭಾಗವನ್ನು ತೋರಿಸತೊಡಗುತ್ತವೆ. ಇಲ್ಲಿ ಬಳಸಬೇಕಾದದ್ದು ಸ್ಟ್ರೆಚ್. ಬಲದಿಂದ ಎಡಕ್ಕೆ ಎಳೆದ ಚೌಕದೊಳಗೆ ಕೋಷ್ಟಕವು ಪೂರ್ತಿಯಾಗಿಯೂ ರೇಖೆಯ ಇತ್ತಕಡೆಯ ತುದಿ ಮಾತ್ರವೂ ಬರುವಂತೆ ನೋಡಿಕೊಂಡರೆ, ಕೋಷ್ಟಕ ಸರಿಯುತ್ತದೆ, ರೇಖೆ ಹಿಗ್ಗುತ್ತದೆ, ಅತ್ತಕಡೆಯ ತುದಿ ಕದಲುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಕೆಲಸ ಆರಂಭಿಸುವ ಮುನ್ನ ಲಾಕ್ ಆದ ಲೇಯರ್‌ಗಳನ್ನು ತೆರೆಯಬೇಕು, ಮುಗಿದ ಮೇಲೆ ಮತ್ತೆ ಲಾಕ್ ಮಾಡಬೇಕು.

ಇನ್ನು ನನ್ನ ಕ್ಷೇತ್ರದ ವಿಷಯ. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಕಲಮಿನ ಪ್ರಕಾರ, ವರ್ಣನೆಯ ಮೇರೆಗೆ ಮಾರಿದ ಸರಕು ಆ ವರ್ಣನೆಗೆ ಹೊಂದಿಕೆಯಾಗಿರಬೇಕು. ಖರೀದಿ ಆದೇಶದೊಂದಿಗೆ ಕಳುಹಿಸಿದ ನಕ್ಷೆಯೇ ಇಲ್ಲಿ ವರ್ಣನೆ. ನಕ್ಷೆಯಲ್ಲಿ ಎಂ.ಎಸ್. ಎಂದಿದ್ದು ಎಂ.ಎಸ್. ಬಂದಿದ್ದರೆ, ಕೊಳ್ಳುವವರು ಯಾವ ಆಧಾರದ ಮೇಲೆ ತಿರಸ್ಕರಿಸಬಲ್ಲರು? ಇದರ ಜೊತೆಗೆ, ಪೂರೈಕೆದಾರರು 2006ರ ಎಂ.ಎಸ್.ಎಂ.ಇ.ಡಿ. ಅಧಿನಿಯಮದ ವ್ಯಾಪ್ತಿಗೆ ಬರುವ ನೋಂದಾಯಿತ ಘಟಕವಾಗಿದ್ದರೆ, ಮಾಲು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದಲ್ಲಿ ಮಾಲು ತಲುಪಿದ ದಿನವೇ ಅದನ್ನು ಅಂಗೀಕರಿಸಿದಂತೆ ಭಾವಿಸಲಾಗುತ್ತದೆ. ಪಾವತಿಯ ಗಡುವು ಅಲ್ಲಿಂದಲೇ ಓಡತೊಡಗುತ್ತದೆ. ಒಪ್ಪಂದ ಏನೇ ಇದ್ದರೂ ಅದು 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ. ನಮ್ಮ ಘಟಕದಲ್ಲಿ ತಪ್ಪು ಪತ್ತೆಯಾದದ್ದು ಜೋಡಣೆಯ ಹಂತದಲ್ಲಿ. ಅಷ್ಟರಲ್ಲಿ 15 ದಿನಗಳು ಎಂದೋ ಕಳೆದಿದ್ದವು.

ಡೆಬಿಟ್ ನೋಟನ್ನು ಹಿಂತೆಗೆದುಕೊಳ್ಳಲಾಯಿತು. ಅಕೌಂಟಿಂಗ್ ಸ್ಟ್ಯಾಂಡರ್ಡ್ 2ರ ಮೇರೆಗೆ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕಾದ್ದರಿಂದ ಆ ಶಾಫ್ಟ್‌ಗಳನ್ನು ಗುಜರಿ ಬೆಲೆಗೆ ಇಳಿಸಿದೆವು. ವ್ಯತ್ಯಾಸವು ಆ ವರ್ಷದ ನಷ್ಟಕ್ಕೆ ಸೇರಿತು. ಮಾಲೀಕರಿಗೆ ಅದು ಬಹಳ ಕಾಲ ಹಿಡಿಸಲಿಲ್ಲ.

ಈಗ ಆ ಘಟಕದಲ್ಲಿ ನಕ್ಷೆ ಪರಿಷ್ಕೃತವಾದಾಗಲೆಲ್ಲ ಹಳೆಯ ಮತ್ತು ಹೊಸ ಪ್ರತಿಗಳೆರಡನ್ನೂ ಮುದ್ರಿಸುತ್ತಾರೆ. ಖರೀದಿ ವಿಭಾಗದ ಗುಮಾಸ್ತರು ಲೋಹದ ಕಾಲಮ್ಮನ್ನು ಸಾಲು ಸಾಲಾಗಿ ತಾಳೆ ನೋಡಿ, ಪ್ರತಿ ಸಾಲಿಗೂ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ ಸಹಿ ಮಾಡಿದ ನಂತರವೇ ಆದೇಶ ಹೊರಡುತ್ತದೆ. ಕ್ಯಾಡ್ ತಿಳಿಯದ ಅವರಿಗೆ ಈ ಕೆಲಸಕ್ಕೆ ತಗಲುವುದು ಹತ್ತು ನಿಮಿಷ.