ಹುತ್ರಿದುರ್ಗದ ಸೀಮೆಯ ಕಲ್ಲು ಮತ್ತು ವಿಕಿರಣಶೀಲತೆಯ ಲೆಕ್ಕ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವನ್ನು ಕೆಂಪೇಗೌಡರ ಹೆಸರಿನೊಡನೆ ಸೇರಿಸಿ ಎಲ್ಲರೂ ಬಲ್ಲರು. ಈ ಬೆಟ್ಟವಿರುವ ಸೀಮೆಯಲ್ಲಿಯೇ, ರಾಮನಗರ, ಮಾಗಡಿ, ಶಿವಗಂಗೆಗಳ ಮೂಲಕ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಒಂದು ಗ್ರಾನೈಟ್ ಪಟ್ಟಿ ಹಾಯುತ್ತದೆ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ.

ಇಷ್ಟು ಹಳೆಯ ವಯಸ್ಸನ್ನು ತಿಳಿದದ್ದು ಹೇಗೆ? ಕಲ್ಲಿನೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಉಳಿದಿದೆ, ಅದರಿಂದ ಹುಟ್ಟಿದ ಸೀಸ ಎಷ್ಟಿದೆ ಎಂಬುದನ್ನು ಅಳೆದು. ಅಂದರೆ ಕಲ್ಲಿಗೆ ವಯಸ್ಸಿನ ದಾಖಲೆ ಕೊಟ್ಟಿರುವುದು ವಿಕಿರಣಶೀಲತೆಯೇ. ವಿದೇಶದ ಗ್ರಾಹಕರು ಇಂದು ಗ್ರಾನೈಟ್ ಕೊಳ್ಳುವಾಗ ಕೇಳುವ ಪ್ರಶ್ನೆಯೂ ಅದೇ ವಿಕಿರಣಶೀಲತೆಯ ಕುರಿತಾದುದು. ಆದ್ದರಿಂದ ಈ ವಿಷಯದ ಮೂಲಾಂಶಗಳನ್ನು ನಮ್ಮ ವರ್ತಕ ಬಾಂಧವರು ಅರಿತಿರುವುದು ಒಳಿತು.

ಮೂಲ ತತ್ತ್ವ

ಸಾಮಾನ್ಯ ರಾಸಾಯನಿಕ ಕ್ರಿಯೆಯಲ್ಲಿ ಬದಲಾಗುವುದು ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳ ಜೋಡಣೆ ಮಾತ್ರ. ವಿಕಿರಣಶೀಲ ಧಾತುವಿನಲ್ಲಿ ಬದಲಾಗುವುದು ಬೀಜಕೇಂದ್ರವೇ. ಅಸ್ಥಿರವಾದ ಬೀಜಕೇಂದ್ರವು ಆಲ್ಫಾ ಅಥವಾ ಬೀಟಾ ಕಣವನ್ನು ಹೊರಚೆಲ್ಲಿ ಬೇರೊಂದು ಧಾತುವಾಗುತ್ತದೆ. ಅನೇಕ ವೇಳೆ ಗಾಮಾ ಕಿರಣವೂ ಹೊಮ್ಮುತ್ತದೆ. ಆಲ್ಫಾ ಕಣವನ್ನು ಕಾಗದದ ಹಾಳೆ ತಡೆಯಬಲ್ಲದು. ಗಾಮಾ ಕಿರಣಕ್ಕೆ ಸೀಸ ಇಲ್ಲವೆ ದಪ್ಪ ಕಾಂಕ್ರೀಟು ಬೇಕು. 1896ರಲ್ಲಿ ಹೆನ್ರಿ ಬೆಕೆರಲ್ ಈ ವಿದ್ಯಮಾನವನ್ನು ಕಂಡುಹಿಡಿದರು. ಸೆಕೆಂಡಿಗೆ ಒಂದು ಬೀಜಕೇಂದ್ರ ಕ್ಷಯಿಸಿದರೆ ಅದು ಒಂದು ಬೆಕೆರಲ್.

ಇದ್ದ ಬೀಜಕೇಂದ್ರಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲವೇ ಅರ್ಧಾಯುಷ್ಯ. ಯುರೇನಿಯಂ-238ಕ್ಕೆ ಇದು ಸುಮಾರು 447 ಕೋಟಿ ವರ್ಷ, ಥೋರಿಯಂ-232ಕ್ಕೆ ಸುಮಾರು 1,400 ಕೋಟಿ ವರ್ಷ, ಪೊಟ್ಯಾಸಿಯಂ-40ಕ್ಕೆ ಸುಮಾರು 125 ಕೋಟಿ ವರ್ಷ. ಭೂಮಿ ಹುಟ್ಟಿದಂದಿನಿಂದ ಇವು ಇನ್ನೂ ತೀರದಿರುವುದಕ್ಕೆ ಇದೇ ಕಾರಣ. ಅರ್ಧಾಯುಷ್ಯ ದೀರ್ಘವಾದಷ್ಟೂ ಅಷ್ಟೇ ಸಂಖ್ಯೆಯ ಪರಮಾಣುಗಳಿಂದ ಸೆಕೆಂಡಿಗೆ ಹೊಮ್ಮುವ ವಿಕಿರಣ ಕಡಿಮೆ ಎಂಬುದನ್ನು ಮರೆಯಬಾರದು.

ಬಣ್ಣಕ್ಕೂ ಸಂಬಂಧವುಂಟು

ಗ್ರಾನೈಟಿನ ನಸುಗೆಂಪು ಹರಳುಗಳು ಸಾಮಾನ್ಯವಾಗಿ ಪೊಟ್ಯಾಸಿಯಂ ಉಳ್ಳ ಫೆಲ್ಡ್‌ಸ್ಪಾರ್. ಒಂದು ಗ್ರಾಂ ಪೊಟ್ಯಾಸಿಯಂ ಸುಮಾರು 31 ಬೆಕೆರಲ್ ಕೊಡುತ್ತದೆ. ಆದುದರಿಂದ ಶೇಕಡಾ 4ರಷ್ಟು ಪೊಟ್ಯಾಸಿಯಂ ಇರುವ ಕಲ್ಲಿನ ಒಂದು ಕಿಲೋಗ್ರಾಮಿನಲ್ಲಿ ಅದರಿಂದಲೇ ಸುಮಾರು 1,240 ಬೆಕೆರಲ್ ಇರುತ್ತದೆ. ಮಾರುಕಟ್ಟೆಯಲ್ಲಿ 'ಕಪ್ಪು ಗ್ರಾನೈಟ್' ಎನಿಸಿಕೊಳ್ಳುವ ಡಾಲರೈಟ್ ಶಿಲೆಯಲ್ಲಿ ಈ ಮೂರು ಧಾತುಗಳೂ ಸಾಮಾನ್ಯವಾಗಿ ಕಡಿಮೆ.

ಗ್ರಾಹಕರು ಕೇಳುವ ಸೂಚಿ

2008ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಅಡುಗೆಮನೆಯ ಗ್ರಾನೈಟ್ ಚಪ್ಪಡಿಗಳ ಬಗ್ಗೆ ಆತಂಕದ ವರದಿಗಳು ಬಂದವು. ಯುರೋಪಿಯನ್ ಒಕ್ಕೂಟವು 2013ರ ನಿರ್ದೇಶನದಲ್ಲಿ ಗ್ರಾನೈಟ್ ಜಾತಿಯ ಶಿಲೆಗಳನ್ನೂ ಪರಿಗಣಿಸಿ ಒಂದು ಸೂಚಿಯನ್ನು ಕೊಟ್ಟಿದೆ. ಒಂದು ಕಿಲೋಗ್ರಾಂ ಕಲ್ಲಿನಲ್ಲಿರುವ ರೇಡಿಯಂ-226ರ ಬೆಕೆರಲ್ ಸಂಖ್ಯೆಯನ್ನು 300ರಿಂದ, ಥೋರಿಯಂ-232ರದನ್ನು 200ರಿಂದ, ಪೊಟ್ಯಾಸಿಯಂ-40ರದನ್ನು 3,000ದಿಂದ ಭಾಗಿಸಿ ಮೂರನ್ನೂ ಕೂಡಬೇಕು. ಉದಾಹರಣೆಗೆ ಮೂರೂ ಅಂಕಿಗಳು ಕ್ರಮವಾಗಿ 60, 100, 1,200 ಎಂದಿಟ್ಟುಕೊಳ್ಳೋಣ. ಆಗ 0.2, 0.5, 0.4 ಸೇರಿ ಸೂಚಿ 1.1 ಆಗುತ್ತದೆ.

ಸೂಚಿ 1ನ್ನು ಮೀರಿದೊಡನೆ ಕಲ್ಲು ನಿಷಿದ್ಧವಾಗುವುದಿಲ್ಲ. ಇದು ಮೊದಲ ಸೋಸುವಿಕೆ ಮಾತ್ರ. ಮೀರಿದಾಗ ಕಲ್ಲಿನ ದಪ್ಪ, ಸಾಂದ್ರತೆ, ಬಳಕೆಗಳನ್ನು ನೋಡಿ, ಮನೆಯೊಳಗಿನವರಿಗೆ ಅದರ ಗಾಮಾ ಕಿರಣದಿಂದ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಗಲುವುದೇ ಎಂದು ಲೆಕ್ಕ ಹಾಕಲಾಗುತ್ತದೆ. ಇಡೀ ಗೋಡೆಗೂ ತೆಳು ಹಾಸುಗಲ್ಲಿಗೂ ಬಹಳ ಅಂತರವಿದೆ. ನಿಸರ್ಗದಿಂದ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಹೇಗೂ ತಗಲುತ್ತಿದೆ; ಅದರಲ್ಲಿ ಅರ್ಧದಷ್ಟು ರೇಡಾನ್ ಅನಿಲದ್ದು. ಮನೆಯ ರೇಡಾನಿನಲ್ಲಿ ಹೆಚ್ಚಿನ ಪಾಲು ಸಾಮಾನ್ಯವಾಗಿ ಬರುವುದು ಅಡಿಪಾಯದ ಕೆಳಗಿನ ಮಣ್ಣಿನಿಂದ. ಗಾಳಿಯಾಡುವ ಕೋಣೆಯಲ್ಲಿ ಅದು ನಿಲ್ಲುವುದಿಲ್ಲ.

ವರ್ತಕರು ಮಾಡಬೇಕಾದುದು

ಒಂದು ವದಂತಿಯಿಂದ ಕೈಗೆ ಬಂದ ಬೇಡಿಕೆ ತಪ್ಪಿಹೋಗಬಹುದು. ಅದಕ್ಕೆ ಹೆದರಿ 'ನಮ್ಮ ಕಲ್ಲಿನಲ್ಲಿ ವಿಕಿರಣವೇ ಇಲ್ಲ' ಎಂದು ಬರೆದುಕೊಡುವುದು ಇನ್ನೂ ಕೆಟ್ಟದ್ದು. ಅಂತಹ ಗ್ರಾನೈಟ್ ಲೋಕದಲ್ಲಿಯೇ ಇಲ್ಲ. ಪ್ರತಿಯೊಂದು ಗಣಿಯ, ಪ್ರತಿಯೊಂದು ಬಣ್ಣದ ಮಾದರಿಯನ್ನು ಗಾಮಾ ಸ್ಪೆಕ್ಟ್ರೋಮೀಟರ್ ಇರುವ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿಯನ್ನು ಕಡತದಲ್ಲಿಡುವುದೇ ಸರಿಯಾದ ದಾರಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪುಡಿಮಾಡಿದ ಮಾದರಿಯನ್ನು ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಸಾಮಾನ್ಯವಾಗಿ ನಾಲ್ಕು ವಾರ ಇಡುತ್ತಾರೆ. ರೇಡಾನ್-222ರ ಅರ್ಧಾಯುಷ್ಯ 3.8 ದಿನ; ಅಂತಹ ಏಳು ಅವಧಿಗಳು ಕಳೆದಾಗ ರೇಡಿಯಂ ಮತ್ತು ರೇಡಾನ್ ಸಮತೋಲಕ್ಕೆ ಬರುತ್ತವೆ. ಆದುದರಿಂದ ಹಡಗಿಗೆ ಸರಕು ಹೇರುವ ವಾರದಲ್ಲಿ ಪರೀಕ್ಷೆಗೆ ಓಡಿದರೆ ವರದಿ ಸಿಗಲಾರದು. ಕರಾರಿಗೆ ಸಹಿ ಹಾಕುವ ಮುನ್ನವೇ ಮಾದರಿ ಪ್ರಯೋಗಾಲಯ ಸೇರಿರಬೇಕು. ತೂಕ, ಅಳತೆಗಳನ್ನು ಹೇಳುವಷ್ಟೇ ಧೈರ್ಯದಿಂದ ಈ ಅಂಕಿಯನ್ನೂ ಹೇಳಬಲ್ಲ ವರ್ತಕನ ಮಾತಿಗೆ ಗ್ರಾಹಕನಲ್ಲಿ ಬೆಲೆಯಿರುತ್ತದೆ.