ಫಲಕದೊಳಗಿನ ಆ ಹುಡುಗಿ ಯಾರು, ಊಹಿಸಿ!

ಕೆಂಪಂಚಿನ ತ್ರಿಕೋನ. ಒಳಗೆ ಇಬ್ಬರು ಮಕ್ಕಳು. ಮುಂದೆ ಹುಡುಗಿ, ಅವಳ ಕೈ ಹಿಡಿದು ಪುಟ್ಟ ಹುಡುಗ. ಬ್ರಿಟನ್ನಿನಲ್ಲಿ ಶಾಲೆ ಇದ್ದಲ್ಲೆಲ್ಲ ಈ ಫಲಕ ಇದ್ದೇ ಇರುತ್ತದೆ. ಹೇಳಿ ನೋಡೋಣ, ಯಾರು ಆ ಹುಡುಗಿ?

ಚಿತ್ರ ಬರೆದಾಕೆಯೇ ಅವಳು!

ಹೌದು, ವಿನ್ಯಾಸಕಿ ಮಾರ್ಗರೆಟ್ ಕ್ಯಾಲ್ವರ್ಟ್ ತಮ್ಮದೇ ಬಾಲ್ಯದ ಫೋಟೊ ಇಟ್ಟುಕೊಂಡು ಬಿಡಿಸಿದ್ದು. ಹಳೆಯ ಫಲಕದಲ್ಲಿ ಟೋಪಿ ತೊಟ್ಟ ಹುಡುಗ ಮುಂದಿದ್ದ. ಈಕೆ ಹುಡುಗಿಯನ್ನೇ ಮುಂದೆ ತಂದರು!

ದನಗಳಿವೆ ಎಚ್ಚರಿಕೆ ಎನ್ನುವ ಫಲಕದ ಹಸು? ಅದಕ್ಕೂ ಹೆಸರುಂಟು! ಪೇಶನ್ಸ್. ವಾರ್ವಿಕ್‌ಶೈರಿನಲ್ಲಿ ಅವರ ನೆಂಟರ ಹೊಲದಲ್ಲಿದ್ದ ನಿಜವಾದ ಹಸು!

ಫಲಕಗಳ ಮೇಲಿನ ಅಕ್ಷರಗಳ ಕತೆ ಇನ್ನೂ ಸೊಗಸು. ಕ್ಯಾಲ್ವರ್ಟ್ ಮತ್ತು ಅವರ ಗುರು ಜಾಕ್ ಕಿನೀರ್ ಸೇರಿ ಹೊಸ ಅಕ್ಷರಶೈಲಿಯನ್ನೇ ರೂಪಿಸಿದರು. ದೂರದಿಂದ ಓದಬಹುದೇ? ಪರೀಕ್ಷೆ ಮಾಡಿದ್ದು ಎಲ್ಲಿ ಗೊತ್ತೆ? ಬೆನ್ಸನ್ ವಿಮಾನ ನೆಲೆಯಲ್ಲಿ! ವಾಯುಪಡೆಯವರನ್ನು ಸಾಲಾಗಿ ಕೂರಿಸಿದರು. ಕಾರಿನ ನೆತ್ತಿಗೆ ಫಲಕ ಕಟ್ಟಿದರು. ಕಾರನ್ನು ಅವರತ್ತಲೇ ಓಡಿಸಿದರು!

ಇನ್ನೊಂದು ಜಾಣತನ ಕೇಳಿ. ಒಂದೊಂದು ಅಕ್ಷರಕ್ಕೂ ಒಂದೊಂದು ಬಿಲ್ಲೆ. ಬಿಲ್ಲೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಸಾಕು, ಅಕ್ಷರಗಳ ನಡುವಿನ ಅಂತರ ತಾನಾಗಿಯೇ ಸರಿಹೋಗುತ್ತದೆ! ಫಲಕ ಎಷ್ಟು ದೊಡ್ಡದಿರಬೇಕು? ಅದನ್ನು ನಿರ್ಧರಿಸುವುದು ಊರಿನ ಹೆಸರೇ! ಮೊದಲು ಬರಹ, ಆಮೇಲೆ ಅದಕ್ಕೆ ತಕ್ಕ ತಗಡು. ಇದು ಅಪ್ಪಟ ಪ್ರತಿಭೆ.

1958ರಲ್ಲಿ ಪ್ರೆಸ್ಟನ್ ಬೈಪಾಸ್‌ನಲ್ಲಿ ಮೊದಲ ಪ್ರಯೋಗ. 1965ರ ಜನವರಿ 1ರಿಂದ ಇಡೀ ದೇಶಕ್ಕೇ ಹೊಸ ಫಲಕಗಳು!

ಇಂಥದ್ದನ್ನು ಪ್ರದರ್ಶನಕ್ಕಿಡುವುದು ಹೇಗೆ? ಬೀದಿಯಲ್ಲಿ ಯಾರೂ ನಿಂತು ನೋಡದ ವಸ್ತು ಅದು! 2020ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಕ್ಯಾಲ್ವರ್ಟ್ ಅವರ ಕೆಲಸವನ್ನೇ ಪ್ರದರ್ಶನವಾಗಿಸಿತು. ಹೆಸರು ‘ವುಮನ್ ಅಟ್ ವರ್ಕ್’. ರಸ್ತೆ ಕಾಮಗಾರಿಯ ತ್ರಿಕೋನ ನೆನಪಿದೆಯಲ್ಲ, ಗಂಡಸೊಬ್ಬ ಮಣ್ಣು ತೋಡುವುದು? ಕ್ಯಾಲ್ವರ್ಟ್ ಆ ಸಲಿಕೆಯನ್ನು ಹೆಂಗಸಿನ ಕೈಗೆ ಕೊಟ್ಟರು! ಒಂದೇ ಒಂದು ಬದಲಾವಣೆ. ಎಷ್ಟೋ ವರ್ಷಗಳಿಂದ ಕಣ್ಣೆದುರೇ ಇದ್ದ ಚಿತ್ರ ಥಟ್ಟನೆ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಪ್ರದರ್ಶನದ ಆಹ್ವಾನಕ್ಕೆ ಇದಕ್ಕಿಂತ ಇನ್ನೇನು ಬೇಕು?

ನಮ್ಮಲ್ಲೂ ಆಗಲಿ ಇಂಥದ್ದು! ರಾಷ್ಟ್ರೀಯ ಹೆದ್ದಾರಿಯ ಹಳದಿ ತಲೆಯ ಮೈಲಿಗಲ್ಲು, ರಾಜ್ಯ ಹೆದ್ದಾರಿಯ ಹಸಿರು ತಲೆಯದು, ಕನ್ನಡದಲ್ಲಿ ಬರೆದ ಊರ ಫಲಕ. ಚಿತ್ರಕಲಾ ಪರಿಷತ್ತಿನ ಗೋಡೆಗಳಲ್ಲಿ ಇವಕ್ಕೂ ಜಾಗ ಸಿಗಲಿ. ಯಾರಾದರೂ ಶುರು ಮಾಡಿ!